ಮದ್ದಗಿರಿಯ ಸೆರೆ: ಬಿದನೂರಿನ ಕೊಲೆಯ ಕಥೆ ಮತ್ತು ಐತಿಹ್ಯದ ರಾಜಕಾರಣ

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಗಿರಿದುರ್ಗಗಳ ಪ್ರದೇಶ. ಮಧುಗಿರಿ, ಮಿಡಿಗೇಶಿ, ಚನ್ನರಾಯದುರ್ಗ, ಪಾವಗಡ, ನಿಡುಗಲ್ಲು ಇವು ಒಂದರಿಂದ ಒಂದಕ್ಕೆ ಕಣ್ಣಳತೆಯಲ್ಲೋ ಒಂದು ದಿನದ ಕಾಲುನಡಿಗೆಯಲ್ಲೋ ನಿಂತಿರುವ ಬೆಟ್ಟಗಳು. ವಿಜಯನಗರದ ಪತನಾನಂತರದ ಎರಡು ಶತಮಾನಗಳಲ್ಲಿ ಈ ಬೆಟ್ಟಗಳ ಮೇಲೆ ಮತ್ತು ಬುಡದಲ್ಲಿ ಬಾಳಿದ ಪಾಳೆಯಗಾರ ಮನೆತನಗಳ ಚರಿತ್ರೆಯು ಶಾಸನಗಳಿಗಿಂತ ಹೆಚ್ಚಾಗಿ ಕೈಫಿಯತ್ತುಗಳಲ್ಲಿ, ಗ್ಯಾಸೆಟಿಯರುಗಳಲ್ಲಿ ಹಾಗೂ ಜನರ ಬಾಯಿಮಾತಿನಲ್ಲಿ ಉಳಿದುಬಂದಿದೆ. ಆದುದರಿಂದ ಇಲ್ಲಿಯ ರಾಜಕೀಯ ಘಟನೆಗಳನ್ನು ಅರಿಯಬೇಕಾದರೆ ಚರಿತ್ರೆಯ ವಿಧಾನವೊಂದೇ ಸಾಲದು. ಐತಿಹ್ಯವು ಹೇಗೆ ಹುಟ್ಟುತ್ತದೆ, ಯಾರ ಕೈಯಿಂದ ಯಾರ ಕೈಗೆ ಸಾಗುತ್ತದೆ, ಸಾಗುವಾಗ ಯಾರಿಗೆ ಉಪಯೋಗಕ್ಕೆ ಬರುತ್ತದೆ ಎಂಬ ಜಾನಪದದ ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. 1763ರಿಂದ 1767ರವರೆಗೆ ಮಧುಗಿರಿಯ ಕೋಟೆಯಲ್ಲಿ ಸೆರೆಯಾಗಿದ್ದ ಬಿದನೂರಿನ ರಾಣಿ ವೀರಮ್ಮಾಜಿಯ ಪ್ರಕರಣವು ಇಂತಹ ಪ್ರಶ್ನೆಗಳಿಗೆ ತಕ್ಕ ಉದಾಹರಣೆ. ಆಕೆಯ ಮೇಲಿದ್ದದ್ದು ತನ್ನ ದತ್ತುಮಗನಾದ ಅರಸನನ್ನು ಕೊಲ್ಲಿಸಿದಳೆಂಬ ಆರೋಪ.

ಮೊದಲು ಸ್ಥಳೀಯ ಮನೆತನಗಳತ್ತ ನೋಡಬಹುದು. ಮಧುಗಿರಿಯ ಹಿಂದಿನ ಹೆಸರು ಮದ್ದಗಿರಿ. ಈ ಊರು ಮತ್ತು ಕೋಟೆಯ ಸ್ಥಾಪನೆಯನ್ನು ರಾಜಾ ಹಿರೇಗೌಡನೆಂಬ ನಾಡಪ್ರಭುವಿಗೆ ಸಲ್ಲಿಸಲಾಗುತ್ತದೆ. ತಪ್ಪಿಸಿಕೊಂಡ ಕುರಿಯೊಂದು ಬೆಟ್ಟದಿಂದ ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಹಿಂತಿರುಗಿ ಬಂದುದರಿಂದ ಮೇಲೆ ಚಿಲುಮೆಯಿರುವುದು ತಿಳಿದು ಕೋಟೆ ಕಟ್ಟಲಾಯಿತೆಂಬ ಐತಿಹ್ಯವು ಗ್ಯಾಸೆಟಿಯರುಗಳಲ್ಲೂ ಸೇರಿಹೋಗಿದೆ. ಈ ಮನೆತನದ ರಾಮಪ್ಪಗೌಡ ಮತ್ತು ತಿಮ್ಮಪ್ಪಗೌಡ ಎಂಬಿಬ್ಬರು ಜಂಟಿಯಾಗಿ ಆಳುತ್ತಿದ್ದ ಕಾಲದಲ್ಲಿ, 1678ರಲ್ಲಿ, ಮೈಸೂರಿನ ದಳವಾಯಿ ದೇವರಾಜನು ದೀರ್ಘ ಮುತ್ತಿಗೆಯ ಅನಂತರ ಕೋಟೆಯನ್ನು ಹಿಡಿದನು. ಇಬ್ಬರನ್ನೂ ಶ್ರೀರಂಗಪಟ್ಟಣಕ್ಕೆ ಒಯ್ದು, ಮುಂದೆ ಬಿಡುಗಡೆ ಮಾಡಿ, ಮಿಡಿಗೇಶಿಯನ್ನು ಅವರಿಗೆ ಬಿಟ್ಟುಕೊಡಲಾಯಿತೆಂದು ಬಿ. ಎಲ್. ರೈಸ್ ದಾಖಲಿಸುತ್ತಾನೆ. ಪಾವಗಡದ ಕಡೆಯ ನಿಡುಗಲ್ಲಿನ ಹರತಿ ಮನೆತನದಲ್ಲಿ ತಿಪ್ಪಣ್ಣನಾಯಕನು ತನ್ನ ಸೀಮೆಯನ್ನು ಏಳು ಮಂದಿ ಗಂಡುಮಕ್ಕಳಿಗೆ ಹಂಚಿದನೆಂಬ ಕಥೆಯಿದೆ. ಕೊರಟಗೆರೆ-ಹೊಳವನಹಳ್ಳಿಯ ಪಾಳೆಯಗಾರರು ತಮ್ಮ ಮೂಲವನ್ನು ಆವತಿಯ ಪ್ರಭುಗಳಲ್ಲಿ ಕಾಣುತ್ತಾರೆ. ಕಂಚಿಯ ಕಡೆಯಿಂದ ವಲಸೆ ಬಂದ ರಣಭೈರೇಗೌಡನ ಆ ಕುಲದ ಕಥೆಯಲ್ಲೂ ಏಳು ಸೋದರರೇ ಬರುತ್ತಾರೆ, ಒಬ್ಬೊಬ್ಬರೂ ಒಂದೊಂದು ನೆಲೆ ಹಿಡಿಯುತ್ತಾರೆ.

ಏಳು ಎಂಬುದು ಜನಪದ ಕಥನದ ಸಂಖ್ಯೆ. ಅದನ್ನು ಜನಗಣತಿಯಂತೆ ಓದಬೇಕಾಗಿಲ್ಲ. ಆದರೆ ಈ ಮೂರೂ ಕಥೆಗಳು ಹೇಳುತ್ತಿರುವ ವಿಷಯವನ್ನು ಗಮನಿಸಬೇಕು. ಪಾಲು, ಜಂಟಿ ಆಳ್ವಿಕೆ, ವಲಸೆ ಇವು ಸಣ್ಣ ಪಾಳೆಯಪಟ್ಟುಗಳು ದಾಯಾದಿ ಮತ್ಸರವನ್ನು ನಿಭಾಯಿಸಿದ ಬಗೆಗಳು. ಬಯಲುಸೀಮೆಯ ಒಕ್ಕಲು ಕುಟುಂಬವೊಂದು ಹೊಲವನ್ನು ಹಂಚಿಕೊಳ್ಳುವಂತೆ ಇವರು ಸೀಮೆಯನ್ನು ಹಂಚಿಕೊಂಡರು. ಹಂಚಲಾಗದಷ್ಟು ದೊಡ್ಡದಾದ ಬೊಕ್ಕಸ, ಒಂದೇ ಸಿಂಹಾಸನ, ತನ್ನದೇ ಸೈನ್ಯಬಲವುಳ್ಳ ದಳವಾಯಿ ಇವು ಒಂದೆಡೆ ಕೂಡಿದಲ್ಲಿ ಪರಿಸ್ಥಿತಿ ಬೇರೆಯಾಗುತ್ತಿತ್ತು. ಶಿರಾದ ಪಶ್ಚಿಮೋತ್ತರಕ್ಕಿರುವ ಚಿತ್ರದುರ್ಗದಲ್ಲಿ 17ನೆಯ ಶತಮಾನದ ಕೊನೆಯ ಭಾಗದಲ್ಲಿ ದಳವಾಯಿ ಮುದ್ದಣ್ಣನ ಕಾಲಕ್ಕೆ ನಡೆದ ರಕ್ತಪಾತವನ್ನು ತ. ರಾ. ಸುಬ್ಬರಾಯರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಕಾದಂಬರಿಗಳ ಮೂಲಕ ಕನ್ನಡಿಗರ ಮನೆಮಾತಾಗಿಸಿದ್ದಾರೆ. ಮೈಸೂರಿನಲ್ಲಿ ದಳವಾಯಿಗಳು 1734ರಲ್ಲಿ ಚಾಮರಾಜ ಒಡೆಯನನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಅವನು ಅಲ್ಲಿಯೇ ತೀರಿಕೊಂಡನು. ಮಲೆನಾಡಿನ ಕೆಳದಿ ಸಂಸ್ಥಾನದಲ್ಲಿಯೂ ಇಂತಹದೇ ಪ್ರಸಂಗಗಳಿದ್ದವು. ಮಧುಗಿರಿಗೆ ಬಂದು ಮುಟ್ಟುವ ಕಥೆ ಅಲ್ಲಿಯದು.

ಕೆಳದಿಯ ಅರಸರು ತಮ್ಮ ಕೊನೆಯ ರಾಜಧಾನಿಯಾದ ಬಿದನೂರಿನಿಂದ ಘಟ್ಟದ ಮೇಲಿನ ಅಡಕೆ-ಮೆಣಸಿನ ಸೀಮೆಯನ್ನೂ ಕೆಳಗಿನ ಬಂದರುಗಳನ್ನೂ ಆಳುತ್ತಿದ್ದರು. ಅಲ್ಲಿ ಒಂದನೆಯ ಸೋಮಶೇಖರನಾಯಕನು 1671ರಲ್ಲಿ ಕೊಲೆಯಾದನು. ಅವನ ವಿಧವೆ ಚೆನ್ನಮ್ಮಾಜಿ ಅಧಿಕಾರ ವಹಿಸಿಕೊಂಡು, ಬಸಪ್ಪನಾಯಕನನ್ನು ದತ್ತು ಪಡೆದು, ಕಾಲು ಶತಮಾನ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೆಂದು ಇಂದಿಗೂ ಪೂಜ್ಯಳಾಗಿದ್ದಾಳೆ. 1754ರಲ್ಲಿ ಎರಡನೆಯ ಬಸಪ್ಪನಾಯಕನು ತೀರಿಕೊಂಡಾಗ ಬಿದನೂರಿನಲ್ಲಿ ಮತ್ತೊಮ್ಮೆ ವಿಧವೆ ರಾಣಿಯೂ ದತ್ತುಪುತ್ರನೂ ಉಳಿದರು. ರಾಣಿ ವೀರಮ್ಮಾಜಿ, ದತ್ತುಪುತ್ರ ಚೆನ್ನಬಸಪ್ಪನಾಯಕ. ಈತನು ಮೂರು ವರ್ಷ ಪಟ್ಟದಲ್ಲಿದ್ದು 1757ರಲ್ಲಿ ಸತ್ತನು. ಅನಂತರ ವೀರಮ್ಮಾಜಿಯು ಸೋಮಶೇಖರನೆಂಬ ಎಳೆಯನನ್ನು ದತ್ತು ತೆಗೆದುಕೊಂಡು ತಾನೇ ರಾಜ್ಯಭಾರ ನಡೆಸಿದಳು. ಇಷ್ಟು ನಿರ್ವಿವಾದ. ಚೆನ್ನಬಸಪ್ಪನು ಹೇಗೆ ಸತ್ತನೆಂಬಲ್ಲಿಂದ ಕಥೆ ಮೊದಲಾಗುತ್ತದೆ.

ಈ ಕಥೆಯ ಹೆಚ್ಚು ಪ್ರಚಲಿತ ರೂಪವನ್ನು ಬರೆದಿಟ್ಟವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಈತನ ಮೈಸೂರು ಚರಿತ್ರೆಯ ಮೊದಲ ಸಂಪುಟ 1810ರಲ್ಲಿ ಪ್ರಕಟವಾಯಿತು. ಅವನ ನಿರೂಪಣೆಯಂತೆ ರಾಣಿಗೆ ನಿಂಬಯ್ಯನೆಂಬವನಲ್ಲಿ ಅನುರಕ್ತಿಯಿತ್ತು. ಯುವಕನಾದ ಅರಸನು ಅದನ್ನು ಆಕ್ಷೇಪಿಸಿದನು. ಅವನ ಬಾಯಿ ಮುಚ್ಚಿಸಲು ಜೆಟ್ಟಿಯೊಬ್ಬನನ್ನು ಗೊತ್ತುಮಾಡಲಾಯಿತು. ಅಭ್ಯಂಜನದ ವೇಳೆಯಲ್ಲಿ ಮೈ ತಿಕ್ಕುತ್ತಿದ್ದ ಜೆಟ್ಟಿಯು ಅವನ ಕತ್ತನ್ನು ತಿರುಚಿ ಕೊಂದನು. ಮೂರೇ ಪಾತ್ರಗಳು, ಒಂದೇ ಸ್ಥಳ. ಹೊರಗಿನ ಸಾಕ್ಷಿಗೆ ಅವಕಾಶವಿಲ್ಲದ ಬಚ್ಚಲುಮನೆ. ಕಥೆ ಕೇಳಿದವನಿಗೆ ಕೂಡಲೇ ನಂಬಿಕೆ ಬರುವುದೂ, ಯೋಚಿಸಿದವನಿಗೆ ಸಂಶಯ ಬರುವುದೂ ಇದೇ ಕಾರಣದಿಂದ.

ಜೆಟ್ಟಿಯ ಪಾತ್ರವನ್ನು ವಿವರಿಸುವುದು ಅಗತ್ಯ. ಇಂದು ಜೆಟ್ಟಿಯೆಂದರೆ ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ನೆನಪಾಗುತ್ತದೆ. ಹಳೆಯ ಅರಮನೆಗಳಲ್ಲಿ ಅವರ ಕೆಲಸ ಅಷ್ಟಕ್ಕೇ ಸೀಮಿತವಾಗಿರಲಿಲ್ಲ. ಕುಸ್ತಿಯ ಜೊತೆಗೆ ಅಂಗಮರ್ದನ, ಉಳುಕಿದ ಕೀಲನ್ನು ಕೂಡಿಸುವುದು, ಪ್ರಭುವಿನ ಆಜ್ಞೆಯಾದಾಗ ಕತ್ತು ತಿರುಚಿ ಮರಣದಂಡನೆ ನೆರವೇರಿಸುವುದು ಇವೂ ಅವರ ಪಾಲಿಗಿದ್ದವು. ಮೂಳೆಯನ್ನು ಕೂಡಿಸಬಲ್ಲ ಕೈಗೆ ಮುರಿಯುವುದೂ ತಿಳಿದಿರುತ್ತದೆ. ಅರಸನ ಬರಿ ಮೈಯನ್ನು ಮುಟ್ಟುವ ಅಧಿಕಾರವುಳ್ಳ ಕೆಲವೇ ಪರಿಚಾರಕರಲ್ಲಿ ಜೆಟ್ಟಿಯೊಬ್ಬನು. ಆದ್ದರಿಂದ ಗಾಯವಿಲ್ಲದ, ರಕ್ತವಿಲ್ಲದ ಅರಮನೆಯ ಸಾವಿಗೆ ಕಾರಣ ಹುಡುಕುವ ಜನರ ಕಣ್ಣು ಅವನ ಮೇಲೆ ಬೀಳುವುದು ಸಹಜವಾಗಿತ್ತು. ಇದೇ ವಿಲ್ಕ್ಸನು, 1770ರಲ್ಲಿ ಹೈದರನ ಅಪ್ಪಣೆಯಂತೆ ಮೈಸೂರಿನ ನಂಜರಾಜ ಒಡೆಯನನ್ನು ಸ್ನಾನದ ವೇಳೆ ಕುತ್ತಿಗೆ ಹಿಸುಕಿ ಕೊಲ್ಲಲಾಯಿತೆಂದೂ ಬರೆಯುತ್ತಾನೆ. ಒಂದೇ ಗ್ರಂಥದಲ್ಲಿ ಎರಡು ಅರಮನೆ, ಎರಡು ಬಚ್ಚಲು.

ಇದು ಕನ್ನಡ ನಾಡಿನ ಅರಮನೆಗಳಿಗೆ ಮಾತ್ರ ಸೀಮಿತವಾದ ಕಲ್ಪನೆಯಲ್ಲ. ರೋಮನ್ ಚಕ್ರವರ್ತಿ ಕೊಮೊಡಸನು ಕ್ರಿ.ಶ. 192ರ ಡಿಸೆಂಬರ್ 31ರ ರಾತ್ರಿ ಕೊಲೆಯಾದ ರೀತಿಯನ್ನು ಸಮಕಾಲೀನ ಸೆನೆಟ್ ಸದಸ್ಯನಾಗಿದ್ದ ಡಿಯೊ ಕ್ಯಾಸಿಯಸ್ ಹೀಗೆ ವಿವರಿಸುತ್ತಾನೆ: ಉಪಪತ್ನಿ ಮಾರ್ಸಿಯಾ ಮಾಂಸದಲ್ಲಿ ವಿಷ ಬೆರೆಸಿ ಕೊಟ್ಟಳು, ಅವನು ಅದನ್ನು ವಾಂತಿ ಮಾಡಿಕೊಂಡನು, ಆಗ ಸಂಚುಗಾರರು ನಾರ್ಸಿಸಸ್ ಎಂಬ ಮಲ್ಲನನ್ನು ಕಳುಹಿಸಿ, ಸ್ನಾನ ಮಾಡುತ್ತಿದ್ದ ಚಕ್ರವರ್ತಿಯ ಕತ್ತು ಹಿಸುಕಿಸಿದರು. ಹೆಣ್ಣು, ಮಲ್ಲ, ಸ್ನಾನಗೃಹ. ಬಿದನೂರಿನ ಕಥೆಗೂ ಇದಕ್ಕೂ ಕೊಡುಕೊಳೆಯನ್ನು ಊಹಿಸಬೇಕಾಗಿಲ್ಲ. ವಿಲ್ಕ್ಸನಂತಹ ಸುಶಿಕ್ಷಿತ ಆಂಗ್ಲ ಅಧಿಕಾರಿಗೆ ರೋಮಿನ ಚರಿತ್ರೆ ಪರಿಚಿತವಾಗಿದ್ದೀತು. ಆದರೂ ಕಥೆಯನ್ನು ಅವನೇ ಹೆಣೆದನೆನ್ನಲು ಆಧಾರವಿಲ್ಲ. ಅಂಗರಕ್ಷಕರ ನಡುವೆ ಬದುಕುವ ದೊರೆಯು ಆಯುಧವಿಲ್ಲದೆ, ವಸ್ತ್ರವಿಲ್ಲದೆ, ಒಬ್ಬಂಟಿಯಾಗಿರುವ ಸ್ಥಳ ಎಲ್ಲ ದೇಶಗಳಲ್ಲೂ ಒಂದೇ. ಕೊಲೆಗಾರನಿಗೂ ಕಥೆಗಾರನಿಗೂ ಅದು ಅನುಕೂಲವಾದ ಸ್ಥಳ.

ವಿಧವೆ, ದತ್ತುಪುತ್ರ ಮತ್ತು ಪಟ್ಟ ಎಂಬ ತ್ರಿಕೋನಕ್ಕೂ ರೋಮಿನಲ್ಲಿ ಪ್ರಸಿದ್ಧ ನಿದರ್ಶನವಿದೆ. ಚಕ್ರವರ್ತಿ ಕ್ಲಾಡಿಯಸನು ಕ್ರಿ.ಶ. 50ರಲ್ಲಿ ತನ್ನ ಪತ್ನಿ ಅಗ್ರಿಪ್ಪಿನಾಳ ಹಿಂದಿನ ಮದುವೆಯ ಮಗನಾದ ನೀರೋನನ್ನು ದತ್ತು ತೆಗೆದುಕೊಂಡನು. ಸ್ವಂತ ಮಗ ಬ್ರಿಟಾನಿಕಸ್ ಹಿಂದೆ ಸರಿಯಬೇಕಾಯಿತು. 54ರಲ್ಲಿ ಕ್ಲಾಡಿಯಸನು ಸತ್ತಾಗ ಅಣಬೆಯಲ್ಲಿ ವಿಷವಿಕ್ಕಿದವಳು ಅಗ್ರಿಪ್ಪಿನಾ ಎಂಬ ಮಾತು ಹಬ್ಬಿತು. 55ರಲ್ಲಿ ಬ್ರಿಟಾನಿಕಸ್ ಊಟದ ಮಧ್ಯೆ ಸತ್ತನು. 59ರಲ್ಲಿ ನೀರೋ ತಾಯಿಯನ್ನೇ ಕೊಲ್ಲಿಸಿದನು. ಈ ಸರಣಿಯಲ್ಲಿ ಕೊನೆಯದರ ಬಗ್ಗೆ ಸಂಶಯವಿಲ್ಲ. ಮೊದಲನೆಯದರ ಬಗ್ಗೆ ಆಧುನಿಕ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಟ್ಯಾಸಿಟಸನು ಇದನ್ನು ಬರೆದದ್ದು ಸುಮಾರು ಅರವತ್ತು ವರ್ಷಗಳ ಅನಂತರ. ಚೆನ್ನಬಸಪ್ಪನ ಸಾವಿಗೂ ವಿಲ್ಕ್ಸನ ಗ್ರಂಥಕ್ಕೂ ನಡುವಣ ಅಂತರ 53 ವರ್ಷ. ಎರಡು ತಲೆಮಾರುಗಳ ಬಾಯಿಮಾತು ಎರಡೂ ಕಡೆ ಚರಿತ್ರೆಯ ಆಕರವಾಗಿದೆ. ಅಧಿಕಾರ ಹಿಡಿದ ಹೆಣ್ಣನ್ನು ಕುರಿತ ಬಾಯಿಮಾತಿನಲ್ಲಿ ಜಾರತ್ವದ ಆರೋಪವೂ ಕೊಲೆಯ ಆರೋಪವೂ ಜೋಡಿಯಾಗಿಯೇ ಬರುತ್ತವೆ ಎಂಬುದು ಕಥನ ಪರಂಪರೆಗಳ ಅಭ್ಯಾಸಿಗೆ ಹೊಸದೇನಲ್ಲ. ಚೆನ್ನಮ್ಮಾಜಿಯೂ ಕೊಲೆಯಾದ ಅರಸನ ಅನಂತರವೇ ಪಟ್ಟಕ್ಕೆ ಬಂದವಳು, ಅವಳೂ ದತ್ತುಪುತ್ರನ ಹೆಸರಿನಲ್ಲಿ ಆಳಿದವಳು. ಇಬ್ಬರ ಕೀರ್ತಿಯಲ್ಲಿರುವ ಈ ಅಂತರಕ್ಕೆ ಅವರವರ ಶೀಲಕ್ಕಿಂತ, ಒಬ್ಬಳು ರಾಜ್ಯವನ್ನು ಉಳಿಸಿಕೊಂಡಳು, ಇನ್ನೊಬ್ಬಳು ಕಳೆದುಕೊಂಡಳು ಎಂಬುದೇ ಹೆಚ್ಚು ಕಾರಣವಾಗಿರುವಂತೆ ತೋರುತ್ತದೆ.

ಕಥೆಯ ಎರಡನೆಯ ಭಾಗ ಶಿರಾ-ಚಿತ್ರದುರ್ಗದ ಸೀಮೆಯಲ್ಲಿ ನಡೆಯುತ್ತದೆ. 1687ರಿಂದ ಮೊಗಲರ ಕರ್ನಾಟಕ ಬಾಲಾಘಾಟಿನ ಕೇಂದ್ರವಾಗಿದ್ದ ಶಿರಾ 1757ರಲ್ಲಿ ಮರಾಠರ ವಶವಾಗಿತ್ತು. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗನು ಹೈದರಾಲಿಗೆ ಶಿರಾದ ನವಾಬ ಪದವಿಯನ್ನು 3 ಲಕ್ಷ ರೂಪಾಯಿಗೆ ಕೊಟ್ಟನು. ಕೊಡುವಾಗ ಶಿರಾ ಬಸಾಲತ್ ಜಂಗನ ಕೈಯಲ್ಲಿಯೂ ಇರಲಿಲ್ಲ, ಹೈದರನ ಕೈಯಲ್ಲಿಯೂ ಇರಲಿಲ್ಲ. ಆಮೇಲೆ ಇಬ್ಬರೂ ಕೂಡಿ ಅದನ್ನು ಗೆದ್ದರು. ಹೀಗೆ ಪಡೆದ ಪದವಿಯ ಬಲದಿಂದ ಹೈದರನು ಶಿರಾಕ್ಕೆ ಹಿಂದೆ ಪೊಗದಿ ಸಲ್ಲಿಸುತ್ತಿದ್ದ ಪಾಳೆಯಗಾರರಿಂದೆಲ್ಲ ಕಪ್ಪ ಕೇಳತೊಡಗಿದನು. ಚಿಕ್ಕಬಳ್ಳಾಪುರ, ರಾಯದುರ್ಗ, ಹರಪನಹಳ್ಳಿಗಳಂತೆ ಚಿತ್ರದುರ್ಗದ ಮದಕರಿನಾಯಕನೂ ಬಾಗಬೇಕಾಯಿತು. ಮದಕರಿನಾಯಕನು ಹೈದರನ ಬಳಿಗೆ ಒಬ್ಬ ಯುವಕನನ್ನು ಕರೆತಂದದ್ದು ಇದೇ ಸಂದರ್ಭದಲ್ಲಿ, 1763ರ ಆರಂಭದಲ್ಲಿ. ತಾನು ಬಿದನೂರಿನ ಚೆನ್ನಬಸಪ್ಪನಾಯಕ, ತಾನು ಸತ್ತಿಲ್ಲ ಎಂದು ಆ ಯುವಕ ಹೇಳಿಕೊಂಡನು. ಜೆಟ್ಟಿಗೆ ಕನಿಕರ ಹುಟ್ಟಿ ತನ್ನನ್ನು ಕೊಲ್ಲದೆ ಐದು ವರ್ಷ ಮನೆಯಲ್ಲಿ ಬಚ್ಚಿಟ್ಟಿದ್ದನೆಂಬುದು ಅವನ ವಿವರಣೆ.

ಮದಕರಿನಾಯಕನ ಆಸಕ್ತಿಯನ್ನು ಅರಿಯುವುದು ಕಷ್ಟವಲ್ಲ. 1748ರ ಮಾಯಕೊಂಡದ ಯುದ್ಧದಲ್ಲಿ ಹಿಂದಿನ ಮದಕರಿನಾಯಕನು ಮಡಿದಿದ್ದನು. ಅಂದು ಚಿತ್ರದುರ್ಗದ ಎದುರು ನಿಂತ ಕೂಟದಲ್ಲಿ ಬಿದನೂರೂ ಇತ್ತು. ಹೈದರನ ದೃಷ್ಟಿಯನ್ನು ತನ್ನ ಸೀಮೆಯಿಂದ ಮಲೆನಾಡಿನ ಬೊಕ್ಕಸದ ಕಡೆಗೆ ತಿರುಗಿಸುವುದೂ ಅವನಿಗೆ ಬೇಕಾಗಿತ್ತು. ಹೈದರನಿಗೂ ಈ ಯುವಕ ಅಷ್ಟೇ ಬೇಕಾದವನು. ಹಣ ಕೊಟ್ಟು ನವಾಬನಾದವನು, ತನ್ನ ಅರಸನನ್ನು ಶ್ರೀರಂಗಪಟ್ಟಣದಲ್ಲಿ ಹೆಸರಿಗೆ ಮಾತ್ರ ಇರಿಸಿಕೊಂಡವನು, ಇನ್ನೊಂದು ರಾಜ್ಯದ ಮೇಲೆ ದಂಡೆತ್ತಲು ಒಂದು ಧರ್ಮಕಾರಣವನ್ನು ಬಯಸಿದರೆ ಆಶ್ಚರ್ಯವಿಲ್ಲ. ದುಷ್ಟ ತಾಯಿಯಿಂದ ಪಟ್ಟ ಕಳೆದುಕೊಂಡ ನಿಜವಾದ ವಾರಸುದಾರನನ್ನು ಮರಳಿ ಕೂರಿಸುವುದಕ್ಕಿಂತ ಒಳ್ಳೆಯ ಕಾರಣ ಯಾವುದಿದ್ದೀತು?

ಯುವಕನ ವಿವರಣೆಯನ್ನು ಜಾನಪದ ವಿದ್ವಾಂಸರು ತಟ್ಟನೆ ಗುರುತಿಸುತ್ತಾರೆ. ಸ್ಟಿತ್ ಥಾಮ್ಸನ್ನನ ಆಶಯ ಸೂಚಿಯಲ್ಲಿ ಕೆ 512ನೆಯ ಸಂಖ್ಯೆಯ ‘ಕನಿಕರದ ಕೊಲೆಗಾರ’ ಎಂಬ ಆಶಯವಿದು. ಕನ್ನಡ ನಾಡಿನಲ್ಲಿ ಇದಕ್ಕೆ ಹೆಸರಾಂತ ನಿದರ್ಶನ ಕುಮಾರರಾಮನ ಕಥೆ. ಚೆಂಡನ್ನು ಹುಡುಕಿಕೊಂಡು ಬಂದ ರಾಮನನ್ನು ಮಲತಾಯಿ ರತ್ನಾಜಿ ಮೋಹಿಸುತ್ತಾಳೆ. ಅವನು ಒಲ್ಲೆನೆಂದಾಗ ಅವನ ಮೇಲೆಯೇ ದೂರು ಹೇಳುತ್ತಾಳೆ. ಕಂಪಿಲರಾಯನು ಮಗನ ತಲೆ ತರಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುತ್ತಾನೆ. ದಿಲ್ಲಿಯ ದಂಡು ಬಂದಾಗ ಸತ್ತನೆಂದು ತಿಳಿದಿದ್ದ ಕುಮಾರ ಎದ್ದು ಬರುತ್ತಾನೆ. 1327ರಲ್ಲಿ ಕಂಪಿಲಿ ಬಿದ್ದ ಮೇಲೆ ಬೆಳೆದ ಈ ಕಥೆಯನ್ನು 16ನೆಯ ಶತಮಾನದಲ್ಲಿ ನಂಜುಂಡಕವಿ ‘ರಾಮನಾಥ ಚರಿತೆ’ಯಾಗಿ ಬರೆದನು, ಬಳ್ಳಾರಿ-ಚಿತ್ರದುರ್ಗದ ಕಡೆ ಅದು ಹಾಡಾಗಿ, ಆಟವಾಗಿ ಜನರ ನಡುವೆ ಇತ್ತು. ಸತ್ತ ರಾಜಕುಮಾರನು ನಂಬಿಗಸ್ತನೊಬ್ಬನ ಮನೆಯಲ್ಲಿ ಬದುಕಿ ಉಳಿದು ಸಕಾಲಕ್ಕೆ ಬರುತ್ತಾನೆಂಬುದನ್ನು ನಂಬಲು ಈ ಸೀಮೆಯ ಜನರಿಗೆ ಹೊಸ ಪಾಠ ಬೇಕಾಗಿರಲಿಲ್ಲ. 1763ರ ಯುವಕನು ಬೇಕೆಂದೇ ಕುಮಾರರಾಮನನ್ನು ಅನುಕರಿಸಿದನೆಂದು ಇದರ ಅರ್ಥವಲ್ಲ. ಅವನು ನಿಂತ ಅಂಗಳದಲ್ಲಿ ಆ ಪಾತ್ರಕ್ಕೆ ಮೊದಲೇ ಜಾಗವಿತ್ತು.

ರೋಮಿನಲ್ಲಿಯೂ ಹೀಗೆಯೇ ಆಯಿತು. ಕ್ರಿ.ಶ. 68ರಲ್ಲಿ ಆತ್ಮಹತ್ಯೆ ಮಾಡಿಕೊಂಡ ನೀರೋ ಸತ್ತಿಲ್ಲವೆಂಬ ವದಂತಿ ಪೂರ್ವ ಪ್ರಾಂತಗಳಲ್ಲಿ ಹಬ್ಬಿ, ಮುಂದಿನ ವರ್ಷವೇ ಒಬ್ಬ ಹುಸಿ ನೀರೋ ಕಾಣಿಸಿಕೊಂಡು ಸಿಕ್ಕಿಬಿದ್ದು ಕೊಲೆಯಾದನು. ಇಪ್ಪತ್ತು ವರ್ಷಗಳ ಅನಂತರ ಮತ್ತೊಬ್ಬನು ಪಾರ್ಥಿಯನ್ನರ ಆಶ್ರಯದಲ್ಲಿ ಎದ್ದನು. ರೋಮಿನ ಒತ್ತಾಯಕ್ಕೆ ಮಣಿದು ಅವರು ಅವನನ್ನು ಒಪ್ಪಿಸಿದರು. ಹುಸಿ ರಾಜಕುಮಾರನಿಗೆ ನೆರೆಯ ರಾಜ್ಯದ ಆಶ್ರಯ ಸಿಗುವುದು, ಆಶ್ರಯ ಕೊಟ್ಟವರಿಗೆ ಅವನ ನಿಜತ್ವಕ್ಕಿಂತ ಉಪಯೋಗ ಮುಖ್ಯವಾಗುವುದು, ಉಪಯೋಗ ತೀರಿದೊಡನೆ ಅವನು ಕೈಬಿಟ್ಟುಹೋಗುವುದು ಇವು ಪಾರ್ಥಿಯಾಕ್ಕೂ ಚಿತ್ರದುರ್ಗಕ್ಕೂ ಸಮಾನವಾಗಿವೆ.

ದಂಡಯಾತ್ರೆಯ ವಿವರಗಳು ಪ್ರಸಿದ್ಧವಾಗಿವೆ. ಹೈದರನು ಮುಂದೊತ್ತಿದಂತೆಲ್ಲ ರಾಣಿಯ ಕಡೆಯಿಂದ ಸಂಧಾನದ ಹಣ ಏರುತ್ತಹೋಗಿ ಕೊನೆಗೆ 18 ಲಕ್ಷ ವರಹಕ್ಕೆ ಮುಟ್ಟಿತೆಂದು ವಿಲ್ಕ್ಸ್ ಹೇಳುತ್ತಾನೆ. ಕುಂಸಿಯಲ್ಲಿ ಸೆರೆಯಲ್ಲಿದ್ದ ಲಿಂಗಣ್ಣನೆಂಬ ಹಿಂದಿನ ಮಂತ್ರಿ ಗುಪ್ತ ಮಾರ್ಗ ತೋರಿಸಿದನು. 1763ರ ಮಾರ್ಚಿಯಲ್ಲಿ ಬಿದನೂರು ಬಿದ್ದಿತು. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನದುರ್ಗಕ್ಕೆ ಹೋದಳು, ಅಲ್ಲಿ ಸೆರೆ ಸಿಕ್ಕಳು. ಕೊಳ್ಳೆಯ ಮೊತ್ತವನ್ನು ವಿಲ್ಕ್ಸನು 1.2 ಕೋಟಿ ಪೌಂಡು ಎಂದು ಅಂದಾಜು ಮಾಡಿರುವುದು ಅತಿಶಯವಿದ್ದೀತು. ಹೈದರನು ತನ್ನ ಮುಂದಿನ ಏಳಿಗೆಗೆ ಬಿದನೂರೇ ಬುನಾದಿಯೆಂದು ಭಾವಿಸಿದ್ದನೆಂಬುದರಲ್ಲಿ ಅತಿಶಯವಿಲ್ಲ. ಊರಿಗೆ ಅವನು ಹೈದರನಗರವೆಂದು ಹೆಸರಿಟ್ಟನು. ಪಟ್ಟ ಮಾತ್ರ ಯಾವ ಚೆನ್ನಬಸಪ್ಪನಿಗೂ ದೊರೆಯಲಿಲ್ಲ. ಅದೇ ವರ್ಷ ಹಳೆಯ ಸಂಸ್ಥಾನದ ಅಧಿಕಾರಿಗಳು ಹೈದರನನ್ನೇ ಕೊಲ್ಲಲು ಹೂಡಿದ ಸಂಚು ಬಯಲಾಗಿ, 300ಕ್ಕೂ ಹೆಚ್ಚು ಮಂದಿಯನ್ನು ಊರಿನ ಹೆಬ್ಬಾಗಿಲುಗಳಲ್ಲಿ ಗಲ್ಲಿಗೇರಿಸಲಾಯಿತು. ಈ ಪ್ರಕರಣದಲ್ಲಿ ಹೆಚ್ಚು ಜೀವಗಳು ಹೋದದ್ದು ಇಲ್ಲಿ. ಅವರನ್ನು ಕುರಿತು ಕಥೆ ಹುಟ್ಟಲಿಲ್ಲ.

ಆಕರಗಳ ಭಿನ್ನತೆಯನ್ನು ಇಲ್ಲಿ ಪರಿಶೀಲಿಸುವುದು ಸೂಕ್ತ. ಕೆಳದಿಯ ಆಸ್ಥಾನ ಪರಂಪರೆಗೆ ಸೇರಿದ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಅರಸುಮನೆತನದ ದೃಷ್ಟಿಯಿಂದ ರಚಿತವಾದ ಚಂಪೂ ಕೃತಿ. ಜಾರತ್ವದ, ಜೆಟ್ಟಿಯ ಕಥೆಗೆ ಅದರಲ್ಲಿ ಎಡೆಯಿಲ್ಲ. ಆಸ್ಥಾನ ಕವಿಯ ಮೌನವು ನಿರಪರಾಧಿತ್ವಕ್ಕೆ ಸಾಕ್ಷಿಯಾಗಲಾರದು ಎಂಬುದು ನಿಜ. ಹೈದರನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಮೆತ್ರ್ ದ ಲಾ ತೂರ್ 1780ರ ದಶಕದಲ್ಲಿ ಪ್ರಕಟಿಸಿದ ಹೈದರನ ಚರಿತ್ರೆಯಲ್ಲಿ ಯುವ ಅರಸನು ಸಾಯುವುದೇ ಇಲ್ಲ; ಅಧಿಕಾರ ಬಿಟ್ಟುಕೊಡದ ರಾಣಿಯ ವಿರುದ್ಧ ಸಹಾಯ ಬೇಡಿ ಹೈದರನಲ್ಲಿಗೆ ಬರುತ್ತಾನೆ. ಅಂದರೆ ಹೈದರನ ಪಾಳೆಯದಲ್ಲಿ ದಂಡಯಾತ್ರೆಗೆ ಸಮರ್ಥನೆಯಾಗಿದ್ದ ಕಥೆಯೇ ಅಲ್ಲಿ ಚರಿತ್ರೆಯಾಗಿ ನಿಂತಿದೆ. ವಿಲ್ಕ್ಸನು ಯುವಕನನ್ನು ವಂಚಕನೆಂದು ತಳ್ಳಿಹಾಕಿ ಕೊಲೆಯನ್ನು ಉಳಿಸಿಕೊಳ್ಳುತ್ತಾನೆ. ಹೈದರನನ್ನು ಕಪಟಿಯೆಂದೂ ರಾಣಿಯನ್ನು ಪಾತಕಿಯೆಂದೂ ಒಟ್ಟಿಗೆ ಚಿತ್ರಿಸಲು ಈ ಜೋಡಣೆ ಅವನಿಗೆ ಒದಗಿಬಂದಿತು. ಹಳೆಯ ದೊರೆಗಳೆಲ್ಲ ಹೀಗಿದ್ದರೆಂದು ತೋರಿಸುವುದು 1799ರ ಅನಂತರದ ಬ್ರಿಟಿಷ್ ಚರಿತ್ರಕಾರನಿಗೆ ಅಪ್ರಿಯವಾದ ಕೆಲಸವಾಗಿರಲಿಲ್ಲ.

ಈ ಆರೋಪದಲ್ಲಿ ಒಂದು ತರ್ಕದ ಗಂಟಿದೆ. ಹೈದರನ ಪಾಳೆಯದಲ್ಲಿದ್ದವನು ನಿಜವಾದ ಚೆನ್ನಬಸಪ್ಪನಾಗಿದ್ದರೆ ಕೊಲೆ ನಡೆದಿಲ್ಲ. ಕೊಲೆ ನಡೆದಿದ್ದರೆ ಅವನು ಚೆನ್ನಬಸಪ್ಪನಲ್ಲ. ಕೊಲ್ಲಿಸಲು ಯತ್ನಿಸಿದಳು, ಯತ್ನ ವಿಫಲವಾಯಿತು ಎಂಬ ಮೂರನೆಯ ದಾರಿ ಉಳಿಯಬೇಕಾದರೆ ಆ ಯುವಕನ ಮಾತೊಂದನ್ನೇ ನೆಚ್ಚಬೇಕು. ಆ ಮಾತನ್ನು ಅವನ ಆಶ್ರಯದಾತನೇ ನೆಚ್ಚಲಿಲ್ಲವೆಂಬುದು ಮುಂದಿನ ಘಟನೆಯಿಂದ ಸ್ಪಷ್ಟವಾಗುತ್ತದೆ. ರಾಣಿ, ಆಕೆಯ ದತ್ತುಮಗ ಸೋಮಶೇಖರ, ನಿಂಬಯ್ಯ ಹಾಗೂ ಚೆನ್ನಬಸಪ್ಪನೆಂದು ಹೇಳಿಕೊಂಡವನು ಇವರೆಲ್ಲರನ್ನೂ ಹೈದರನು ಒಂದೇ ಸೆರೆಗೆ, ಮಧುಗಿರಿಗೆ, ಕಳುಹಿಸಿದನೆಂದು ವಿಲ್ಕ್ಸನೇ ಬರೆಯುತ್ತಾನೆ. ಕೊಂದವಳು, ಕೊಲ್ಲಲು ಪ್ರೇರಣೆಯಾದವನು, ಸತ್ತವನು, ಸತ್ತವನ ಸ್ಥಾನಕ್ಕೆ ಬಂದವನು ಎಲ್ಲರೂ ಒಂದು ಬೆಟ್ಟದ ಮೇಲೆ. ನ್ಯಾಯವಿಚಾರಣೆಯ ಉದ್ದೇಶವಿದ್ದವರು ಹೀಗೆ ಮಾಡಲಾರರು. ಬಿದನೂರಿನ ಗದ್ದುಗೆಗೆ ಹಕ್ಕು ಹೇಳಬಹುದಾದವರನ್ನೆಲ್ಲ ಒಂದೆಡೆ ಕೂಡಿಹಾಕುವುದಷ್ಟೇ ಇಲ್ಲಿಯ ಉದ್ದೇಶ.

ಆ ಉದ್ದೇಶಕ್ಕೆ ಮಧುಗಿರಿಯ ಆಯ್ಕೆ ಸಮಂಜಸವಾದುದೇ. ಸುಮಾರು 3930 ಅಡಿ ಎತ್ತರದ ಈ ಏಕಶಿಲೆಯ ಬೆಟ್ಟದಲ್ಲಿ ಒಂದರ ಮೇಲೊಂದು ಬಾಗಿಲುಗಳನ್ನು ದಾಟಿ ಹೋಗಬೇಕು. ನಡುವೆ ಬಂಡೆಯಲ್ಲಿ ಕೊರೆದ ಮೆಟ್ಟಿಲು, ಕೆಲವೆಡೆ ಬರಿ ಇಳಿಜಾರು. ಮೇಲೆ ನೀರಿದೆ, ಕಣಜಗಳ ಅವಶೇಷವಿದೆ. 1678ರಿಂದ ಮೈಸೂರಿನ ನಂಟಿದ್ದ ಈ ಕೋಟೆಯನ್ನು ಹೈದರನು ಬಲಪಡಿಸಿದನು. ಮಲೆನಾಡಿನಿಂದ ಬಹುದೂರ, ಬಿದನೂರಿನ ಪ್ರಜೆಗಳಾಗಲಿ ಬಂಧುಗಳಾಗಲಿ ಇತ್ತ ಸುಳಿಯುವಂತಿರಲಿಲ್ಲ. ಮಳೆಕಾಡಿನಲ್ಲಿ ಬದುಕಿದ ರಾಣಿಗೆ ಮಧುಗಿರಿಯ ಬಿಸಿಲುಬಂಡೆಯ ನಾಲ್ಕು ವರ್ಷ ಹೇಗೆ ಕಳೆದಿರಬೇಕೆಂಬುದನ್ನು ವೈಶಾಖದಲ್ಲಿ ಆ ಬೆಟ್ಟ ಹತ್ತಿದವರು ಊಹಿಸಬಲ್ಲರು.

ಇದೇ ಬೆಟ್ಟಸಾಲಿನಲ್ಲಿ, ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿರುವ ಮಿಡಿಗೇಶಿಯ ಐತಿಹ್ಯವು ಇನ್ನೊಬ್ಬ ಹೆಣ್ಣಿನದು. ಹಿಮ್ಮಡಿ ಮುಟ್ಟುವ ಕೇಶರಾಶಿಯುಳ್ಳವಳೆಂದು ಆ ಹೆಸರಿಗೆ ಅರ್ಥ ಹೇಳಲಾಗುತ್ತದೆ. ಗಂಡನ ಮರಣಾನಂತರ ಬೆಂಕಿಗೆ ಬಿದ್ದ ಅವಳ ಹೆಸರೇ ಬೆಟ್ಟಕ್ಕೂ ಊರಿಗೂ ನಿಂತಿದೆ. ಶಿರಾ ಸೀಮೆಯ ಕಾಡುಗೊಲ್ಲರು ಕಳುವರಹಳ್ಳಿಯ ಜುಂಜಪ್ಪನನ್ನು ಹಾಡುವಾಗಲೂ ಅವನಿಗೆ ಮೃತ್ಯುವಾಗಿ ಬರುವವರು ಹೊರಗಿನ ಶತ್ರುಗಳಲ್ಲ, ಸೋದರಮಾವಂದಿರು. ಒಳಗಿನವರ ದ್ರೋಹವನ್ನು ಈ ನಾಡಿನ ಹಾಡುಗಾರರು ಬಲ್ಲರು. ದ್ರೋಹಕ್ಕೆ ಒಳಗಾದವನನ್ನು ಅವರು ದೇವರಾಗಿಸಿದ್ದಾರೆ. ಗಂಡನೊಡನೆ ಸತ್ತವಳು ಊರಿನ ಹೆಸರಾದಳು. ಗಂಡ ಸತ್ತ ಮೇಲೆ ಬದುಕಿ ಆಳಿದ ವೀರಮ್ಮಾಜಿಗೆ ಈ ಎರಡು ಬಗೆಯ ಸ್ಮರಣೆಗಳಲ್ಲಿ ಯಾವುದೂ ಒದಗಲಿಲ್ಲ. ಆಕೆಯ ಹೆಸರು ಗೆದ್ದವರ ಗ್ರಂಥಗಳಲ್ಲಿ, ಗೆದ್ದವರು ಹೇಳಿದ ರೀತಿಯಲ್ಲಿ ಉಳಿಯಿತು. ಚೆನ್ನಬಸಪ್ಪನಾಯಕನು ಸಹಜವಾಗಿ ಸತ್ತನೋ ಕೊಲೆಯಾದನೋ ಎಂಬುದನ್ನು ಇರುವ ಆಕರಗಳಿಂದ ತೀರ್ಮಾನಿಸಲು ಸಾಧ್ಯವಿಲ್ಲ. ಆದರೆ ಕೊಲೆಯ ಕಥೆಯು 1763ರಲ್ಲಿ ಬಿದನೂರಿನ ಒಳಗಿನಿಂದ ನ್ಯಾಯ ಬೇಡಿ ಹೊರಟದ್ದಲ್ಲ, ಚಿತ್ರದುರ್ಗದ ಮತ್ತು ಶಿರಾದ ಹೊಸ ನವಾಬನ ಪಾಳೆಯಗಳ ಮೂಲಕ ಸೈನ್ಯದ ಮುಂದೆ ಸಾಗಿದ್ದು ಎಂಬುದು ಅದೇ ಆಕರಗಳಿಂದ ತಿಳಿಯುತ್ತದೆ. ಕೆಳದಿಯ ಚರಿತ್ರೆಯನ್ನು ಬರೆಯುವವರು ವಿಲ್ಕ್ಸನ ವಾಕ್ಯವನ್ನು ಘಟನೆಯ ವರದಿಯಾಗಿ ಎತ್ತಿಕೊಳ್ಳುವ ಮೊದಲು ಈ ಹಾದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1767ರಲ್ಲಿ ಪೇಶ್ವೆ ಮಾಧವರಾಯನು ಹೈದರನ ಮೇಲೆ ದಂಡೆತ್ತಿ ಬಂದನು. ಶಿರಾವನ್ನು ಕಾಯುತ್ತಿದ್ದ ಹೈದರನ ಭಾವಮೈದುನ ಮೀರ್ ಅಲಿ ರಜಾ ಖಾನನು ಪೇಶ್ವೆಯ ಪಕ್ಷಕ್ಕೆ ಹೋಗಿ ಗುರ್ರಂಕೊಂಡವನ್ನು ಪಡೆದನು. ಮಧುಗಿರಿಯೂ ಚನ್ನರಾಯದುರ್ಗವೂ ಮರಾಠರ ವಶವಾದವು. ಕೋಟೆ ಬಿದ್ದಾಗ ಬಿಡುಗಡೆ ಹೊಂದಿದವರೆಂದು ಚರಿತ್ರಕಾರರು ಸಾಮಾನ್ಯವಾಗಿ ಹೆಸರಿಸುವುದು ಇಬ್ಬರನ್ನು, ವೀರಮ್ಮಾಜಿ ಮತ್ತು ಸೋಮಶೇಖರ. ಇಬ್ಬರನ್ನೂ ಪುಣೆಯತ್ತ ಕಳುಹಿಸಲಾಯಿತು. ರಾಣಿಯು ದಾರಿಯಲ್ಲಿ ನರಗುಂದದಲ್ಲಿ ತೀರಿಕೊಂಡಳೆಂಬುದು ರೂಢಿಯ ನಿರೂಪಣೆ. 1774ರಲ್ಲಿ ಟಿಪ್ಪುವು ಮಧುಗಿರಿಯನ್ನು ಮರಳಿ ಗೆದ್ದಾಗ ಬಿದನೂರಿನ ಸೆರೆಯಾಳುಗಳಲ್ಲಿ ಯಾರೂ ಅಲ್ಲಿರಲಿಲ್ಲ.